ಪೊನ್ನಪ್ಪನವರು ಸ್ಕೋಪ್ ಕೊಂಡದ್ದು

ಕೊಡಗಿನವನೆಂದರೆ ಗುರಿಗಾರ, ಮದ್ದುಗುಂಡಿನ ಕಾರ್ಖಾನೆಯವನೆಂದರೆ ಇನ್ನೂ ದೊಡ್ಡ ಗುರಿಗಾರ. ನಾಗಪುರದ ಕನ್ನಡದವರ ಲೆಕ್ಕ ಇಷ್ಟು ಸರಳ. ಎರಡೂ ಆಗಿದ್ದ ಪೊನ್ನಪ್ಪನವರು ಆ ಲೆಕ್ಕವನ್ನು ಒಂದು ದಿನವೂ ತಿದ್ದಲಿಲ್ಲ. ತಾನಾಗಿ ಬಂದ ಕಿರೀಟವನ್ನು ಯಾವ ಪುಣ್ಯಾತ್ಮ ತೆಗೆದಿಟ್ಟಾನು? ನಿಜ ಹೇಳಬೇಕೆಂದರೆ, ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಅವರು ಮಾಡಿದ್ದು ಮರದ ಪೆಟ್ಟಿಗೆಗಳಿಗೆ ಮೊಳೆ ಹೊಡೆಸುವ ಕೆಲಸ. ಮೊಳೆಯನ್ನಾದರೂ ತಾವೇ ಹೊಡೆದರೇ ಎಂದರೆ, ಅದೂ ಇಲ್ಲ, ಹೊಡೆಯುವವರು ಬೇರೆ ಇದ್ದರು.

ನಿವೃತ್ತಿಗೆ ಮುಂಚೆ ಮನೆ ಕಟ್ಟಿಸಿದ ವರ್ಷ, ಸೆಪ್ಟೆಂಬರಿನ ಕೈಲ್ ಮುಹೂರ್ತಕ್ಕೆ ನೆರೆಹೊರೆಯ ಕನ್ನಡದವರನ್ನೆಲ್ಲ ಊಟಕ್ಕೆ ಕರೆದರು. ಕೊಡಗಿನಲ್ಲಿ ಅಂದು ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದು ವಾಡಿಕೆ. ಇಲ್ಲಿ ಕೋವಿ ಎಲ್ಲಿಂದ ತರೋಣ? ಒಂದು ಏರ್‌ಗನ್ ಬಂತು. ಹಿಂದಿನ ಖಾಲಿ ಪ್ಲಾಟಿನಲ್ಲಿ ಕಂಬ ನೆಟ್ಟು, ಅದರ ತಲೆಗೆ ಬಟ್ಟೆಯ ಸಿಂಬಿ ಇಟ್ಟು, ಸಿಂಬಿಯ ಮೇಲೆ ಸುಲಿದ ಕಾಯಿ ಕೂರಿಸಿದರು. ಆ ವರ್ಷ ಐದು ಗುಂಡು ಹಾರಿದರೂ ಕಾಯಿ ಕದಲಲಿಲ್ಲ. ಆದರೆ ಮರುವರ್ಷದಿಂದ ಒಂದೇ ಏಟಿಗೆ ಉರುಳತೊಡಗಿತು. ಕೈ ಕುದುರಿತು ಎಂದು ಪೊನ್ನಪ್ಪನವರು ಮೀಸೆ ತಿರುವಿದರು. ಹೀಗೆ ಹನ್ನೊಂದು ವರ್ಷ, ಹನ್ನೊಂದು ಕಾಯಿ. ಪಕ್ಕದ ಮನೆಯ ಶಿವಶರಣಪ್ಪ, ರೈಲ್ವೆಯಲ್ಲಿದ್ದವರು, ಪ್ರತಿ ಸಲವೂ ಚಪ್ಪಾಳೆ ತಟ್ಟಿ "ಹುಲಿರೀ ನೀವು, ಹುಲಿ!" ಎನ್ನುತ್ತಿದ್ದರು.

ಕಳೆದ ವರ್ಷ ಎಡವಟ್ಟಾಯಿತು. ಶಿವಶರಣಪ್ಪನವರ ಮಗ ಶಂಭು, ಬುಟಿಬೋರಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವನು, ಎಲ್ಲರೆದುರು ಅಂದುಬಿಟ್ಟ: "ಕಾಕಾ, ಮೊದ್ಲ ಕಾಯಿ ಬಿತ್ತು, ಆಮ್ಯಾಲೆ ನಿಮ್ಮ ಬಂದೂಕ ಢಂ ಅಂತು. ಬರೋಬರ್ ನೋಡೀನಿ!"

ಎಲ್ಲರೂ ನಕ್ಕರು. ಪೊನ್ನಪ್ಪನವರೂ ನಕ್ಕರು, ಆದರೆ ಅಂದಿನ ಕಡುಬನ್ನು ತಟ್ಟೆಯಲ್ಲೇ ಬಿಟ್ಟರು. ಅರವತ್ತನಾಲ್ಕು ವರ್ಷದ ಬಾಳಿನಲ್ಲಿ ಜನ ಅವರನ್ನು ನೆನೆಯುವುದು ಈ ಒಂದು ಕಾರಣಕ್ಕೆ. ಇದೂ ಹೋದರೆ ಉಳಿಯುವುದೇನು, ಪೆಟ್ಟಿಗೆ ಮತ್ತು ಮೊಳೆ. "ಮುಂದಿನ ವರ್ಷ ಕಂಬ ಹದಿನೈದು ಹೆಜ್ಜೆಯಲ್ಲಲ್ಲ, ಮೂವತ್ತು ಹೆಜ್ಜೆಗೆ ನೆಡು. ಮೊಬೈಲಿನಲ್ಲಿ ವಿಡಿಯೋ ಮಾಡು" ಎಂದು ಶಂಭುವಿಗೆ ಸವಾಲು ಹಾಕಿಬಿಟ್ಟರು. ಹಾಕಿದ ಮೇಲೆ ಮೂವತ್ತು ಹೆಜ್ಜೆ ಎಷ್ಟು ದೂರವೆಂದು ಪ್ಲಾಟಿನಲ್ಲಿ ನಡೆದು ನೋಡಿದರು.

ಈ ದೂರಕ್ಕೆ ಔಷಧಿ ಸ್ಕೋಪ್, ಅಂದರೆ ಏರ್‌ಗನ್ನಿನ ಮೇಲೆ ಕೂರಿಸುವ ದುರ್ಬೀನು, ಎಂದು ಅವರೇ ತೀರ್ಮಾನಿಸಿದರು. ಒಂದು ತಿಂಗಳು ಮೊಬೈಲಿನಲ್ಲಿ ಅದರದೇ ವಿಡಿಯೋ ನೋಡಿ, ಅರ್ಧ ತಿಳಿದು, ಸದರ್ ಬಜಾರಿನ ಬಂದೂಕಿನ ಅಂಗಡಿಗೆ ಹೋಗಿ ಪೂರ್ತಿ ತಿಳಿದವರಂತೆ ನಿಂತರು. ಅಂಗಡಿಯಾತ ಮೂರನ್ನು ಗಾಜಿನ ಮೇಲಿಟ್ಟ. ಒಂದು ಬೆರಳುಗಾತ್ರದ್ದು, ಆಟಿಕೆಯಂಥದು. ಇನ್ನೊಂದು ನಾಲ್ಕು ಪಟ್ಟು ಹಿಗ್ಗಿಸಿ ತೋರಿಸುವಂಥದು. ಮೂರನೆಯದು ಮೂರರಿಂದ ಒಂಬತ್ತು ಪಟ್ಟಿನವರೆಗೆ ತಿರುಗಿಸಿಕೊಳ್ಳುವಂಥದು, ನೋಡಲು ದಪ್ಪ, ಬೆಲೆಯಲ್ಲಿ ಅಗ್ಗ.

ಅಂಗಡಿಯಾತ ಹಿಂದಿಯಲ್ಲಿ ಬುದ್ಧಿ ಹೇಳಿದ. ಸ್ಪ್ರಿಂಗಿನ ಏರ್‌ಗನ್ ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಒದೆಯುತ್ತದೆ, ಅಗ್ಗದ ಜೂಮಿನ ಒಳಗಿರುವುದೆಲ್ಲ ಸಡಿಲಾಗುತ್ತದೆ. ಇಪ್ಪತ್ತು ಮೀಟರಿಗೆ ನಾಲ್ಕು ಪಟ್ಟೇ ಧಾರಾಳ. ಯಾವ ದೂರಕ್ಕೆ ಹೊಡೆಯಬೇಕೋ ಅದೇ ದೂರಕ್ಕೆ, ಗುಂಡು ಒಳಗಿನ ಗುರಿಗೆರೆಗೇ ಬೀಳುವಂತೆ, ಸ್ಕೋಪಿನ ತಿರುಪು ಕೂರಿಸಬೇಕು.

"ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಇದ್ದವನು ನಾನು" ಎಂದರು ಪೊನ್ನಪ್ಪನವರು, ಅದೂ ಹಿಂದಿಯಲ್ಲೇ. ಅಂಗಡಿಯಾತ ಕೈಮುಗಿದ. ದುಡ್ಡು ಕೊಡುವುದೇ ಆದರೆ ದೊಡ್ಡದಾಗಿಯೇ ಕಾಣಲಿ ಎಂದು ಒಂಬತ್ತು ಪಟ್ಟಿನದನ್ನೇ ಕಟ್ಟಿಸಿಕೊಂಡರು.

ಮನೆಯ ತಾರಸಿಯಲ್ಲಿ ಹತ್ತು ಹೆಜ್ಜೆಗೆ ರಟ್ಟಿನ ಡಬ್ಬಿ ಇಟ್ಟು, ಅದಕ್ಕೇ ತಿರುಪು ಕೂರಿಸಿ ಅಭ್ಯಾಸ ನಡೆಯಿತು. ಅಯ್ಯೋ, ಆ ಸ್ಕೋಪಿನೊಳಗೆ ಕಾಣುತ್ತಿದ್ದದ್ದೇನು! ಎದೆ ಬಡಿದಾಗೆಲ್ಲ ಗೆರೆಯೂ ಕುಣಿಯುತ್ತಿತ್ತು, ಉಸಿರೆಳೆದರೆ ಡಬ್ಬಿಯೇ ಮಾಯವಾಗುತ್ತಿತ್ತು. ಬರಿಗಣ್ಣಿನಲ್ಲಿ ಬಂಡೆಯಂತಿದ್ದ ಕೈ ಇಷ್ಟು ನಡುಗುತ್ತದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಇನ್ನೂರು ಗುಂಡು ಖರ್ಚಾದ ಮೇಲೆ ಡಬ್ಬಿಗೆ ಹೇಗೋ ತೂತು ಬಿದ್ದಿತು. ಬಟ್ಟೆ ಒಣಹಾಕಲು ಬಂದ ಹೆಂಡತಿ ದೇಚಮ್ಮ ತೂತಿಗಿಂತ ಹೆಚ್ಚಾಗಿ ಗಂಡನ ಮುಖವನ್ನೇ ನೋಡಿದರು.

"ಈ ಸಲ ಇದೆಲ್ಲ ಬೇಡ, ಬರೀ ಊಟ ಹಾಕಿ ಕಳಿಸೋಣ" ಎಂದರು.

"ಮಾನ ಹರಾಜಾಗಲಿ ಅಂತೀಯಾ?"

ದೇಚಮ್ಮ ಬಟ್ಟೆಗೆ ಕ್ಲಿಪ್ಪು ಸಿಕ್ಕಿಸತೊಡಗಿದರು.

ಹಬ್ಬದ ದಿನ ಬಂತು. ಪ್ಲಾಟಿನಲ್ಲಿ ಮೂವತ್ತು ಹೆಜ್ಜೆ ಅಳೆದು ಕಂಬ ನೆಟ್ಟಾಯಿತು. ಶಂಭು ಮೊಬೈಲು ಹಿಡಿದು ನಿಂತ. ಪೊನ್ನಪ್ಪನವರು ಸೊಂಟಕ್ಕೆ ಕೊಡವರ ಕಿರುಗತ್ತಿಯಾದ ಪೀಚೆಕತ್ತಿ ಸಿಕ್ಕಿಸಿ, ಮೀಸೆ ಒದ್ದೆ ಮಾಡಿ, ಏರ್‌ಗನ್ ಭುಜಕ್ಕಿಟ್ಟು ಸ್ಕೋಪಿಗೆ ಕಣ್ಣು ಕೊಟ್ಟರು. ಕಾಯಿ ಕುಂಬಳದಷ್ಟು ದೊಡ್ಡದಾಗಿ ಕಂಡಿತು. ಜುಟ್ಟಿನ ಒಂದೊಂದು ನಾರೂ ಕಂಡಿತು. ಆ ಜುಟ್ಟಿನ ಬುಡಕ್ಕೆ ಸುತ್ತಿದ ಬಿಳಿ ದಾರವೂ ಕಂಡಿತು.

ಪೊನ್ನಪ್ಪನವರು ತಲೆಯೆತ್ತಿದರು. ಬರಿಗಣ್ಣಿಗೆ ಏನೂ ಇಲ್ಲ. ಮತ್ತೆ ಬಗ್ಗಿದರೆ ಅದೇ ದಾರ. ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಟ್ಟೆಯ ಗೋಡೆಯ ಕಡೆಗೆ ಅದು ಬಿಗಿಯಾಗಿ ಹೋಗಿತ್ತು. ಕಣ್ಣು ಅತ್ತ ಹೊರಳಿಸಿದರೆ, ಆ ಗೋಡೆಯ ಅಂಚಿನಲ್ಲಿ ದೇಚಮ್ಮನ ಸೀರೆಯ ಹಸಿರು ಇಷ್ಟೇ ಇಷ್ಟು ಇಣುಕುತ್ತಿತ್ತು.

ಕಡಲೆಕಾಳಿನಷ್ಟು ಸೀಸದ ಗುಂಡು ಸಿಂಬಿಯಲ್ಲಿ ಕೂತ ಕಾಯಿಯನ್ನು ಉರುಳಿಸುವುದುಂಟೇ? ಕಾರ್ಖಾನೆಯಲ್ಲಿ ಅಷ್ಟು ವರ್ಷ ಕಳೆದವನಿಗೆ ಇಷ್ಟು ಹೊಳೆಯಲಿಲ್ಲವಲ್ಲ! ಹನ್ನೊಂದು ವರ್ಷ ತನ್ನ ಕಿವಿಗೆ ಹೂವಿಟ್ಟದ್ದು ದೇಚಮ್ಮನಲ್ಲ, ತಾನೇ. ಕುದುರೆ ಒಂದಿಲ್ಲ, ಉಳಿದದ್ದೆಲ್ಲ ರಾವುತನ ಠೀವಿಯೇ. ಈಗ ಬಂದೂಕಿನ ಕುದುರೆ ಎಳೆದರೆ ಅವಳು ದಾರ ಎಳೆಯುತ್ತಾಳೆ, ಕಾಯಿ ಬೀಳುತ್ತದೆ, ಮಾನ ಉಳಿಯುತ್ತದೆ. ಬೆರಳು ಅಲ್ಲೇ ನಿಂತಿತು.

"ಕಾಕಾ, ಜಲ್ದಿ!" ಎಂದ ಶಂಭು.

ಪೊನ್ನಪ್ಪನವರು ಏರ್‌ಗನ್ ಕೆಳಗಿಳಿಸಿದರು. "ದೇಚೂ, ಹೊರಗೆ ಬಾ. ದಾರ ಬಿಚ್ಚು. ನಾನು ಇಲ್ಲಿಯವರೆಗೆ ಒಂದು ಕಾಯಿಯನ್ನೂ ಬೀಳಿಸಿಲ್ಲ, ಎಲ್ಲರೂ ಕೇಳಿಸಿಕೊಳ್ಳಿ" ಎಂದು ಕೂಗಿದರು. ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಎನಿಸಿತು.

ಶಿವಶರಣಪ್ಪ ತಲೆ ಕೆರೆದುಕೊಂಡರು. "ದಾರಾ ನಂದರೀ. ಗಾಳಿಪಟದ್ದು. ಅಕ್ಕಾರು ಕೇಳಿದ್ರು, ಕೊಟ್ಟೆ. ಸಿಟ್ಟಾಗಬ್ಯಾಡ್ರಿ."

ದೇಚಮ್ಮ ಗೋಡೆಯ ಹಿಂದಿನಿಂದ ಬಂದು ದಾರ ಬಿಚ್ಚಿದರು. ಮೊಣಕಾಲಿಗೆ ಸೊಳ್ಳೆ ಕಚ್ಚಿದ ಜಾಗ ಕೆರೆದುಕೊಳ್ಳುತ್ತಲೇ ದೂರ ಸರಿದರು. ಪೊನ್ನಪ್ಪನವರು ಗುರಿಯಿಟ್ಟು ಹೊಡೆದರು. ಗುಂಡು ಕಂಬದ ಬುಡದ ಮಣ್ಣಿಗೆ ಹೋಯಿತು. ಇನ್ನೂರು ಒದೆತಕ್ಕೆ ಒಳಗೆಲ್ಲ ಸಡಿಲಾದ, ಅದೂ ಹತ್ತು ಹೆಜ್ಜೆಗೆ ತಿರುಪು ಕೂರಿಸಿದ ಸ್ಕೋಪು ಮೂವತ್ತು ಹೆಜ್ಜೆಗೆ ಇನ್ನೇನು ಮಾಡೀತು! ಕಾಯಿ ಸಿಂಬಿಯ ಮೇಲೆ ಹಾಯಾಗಿ ಕೂತಿತ್ತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ದೇಚಮ್ಮ ಹತ್ತಿರ ಬಂದರು. "ಮೊದಲ ವರ್ಷ ಕಾಯಿ ಬೀಳದೆ ಹೋದಾಗ ನಿಮ್ಮ ಮುಖ ನೋಡೋಕಾಗಲಿಲ್ಲ. ಅದಕ್ಕೇ ದಾರ ಕಟ್ಟಿದೆ. ಆದರೆ ಒಂದೂ ತಗುಲಿಲ್ಲ ಅಂತ ಯಾರು ಹೇಳಿದ್ದು? ಮಾರನೇ ದಿನ ಆ ಕಾಯಿ ಒಡೆಯೋಳು ನಾನಲ್ಲವಾ? ಹನ್ನೊಂದರಲ್ಲಿ ನಾಲ್ಕರ ಕರಟಕ್ಕೆ ಸೀಸ ಅಂಟಿತ್ತು."

"ನಾಲ್ಕಾ?"

"ನಾಲ್ಕು."

"ಸ್ಕೋಪ್ ಇಲ್ಲದೆ?"

"ಸ್ಕೋಪ್ ಎಲ್ಲಿತ್ತು ಆಗ?"

ಪೊನ್ನಪ್ಪನವರಿಗೆ ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು. ಕಣ್ಣೊರೆಸಿಕೊಂಡು, ಸೊಂಟದ ಪೀಚೆಕತ್ತಿ ಸರಿಮಾಡಿಕೊಂಡು, ಮೊಬೈಲಿಗೆ ಎದೆಯುಬ್ಬಿಸಿ ನಿಂತರು. ತಮ್ಮ ಬಗ್ಗೆ ಬಾಯಿಬಿಟ್ಟು ನಿಜ ಹೇಳುವುದು ಅವರಿಗೆ ಹೊಸದು, ಆದರೂ ಜಂಬವೇನೂ ಇಳಿದಿರಲಿಲ್ಲ.

"ಶಂಭು, ವಿಡಿಯೋ ಮಾಡು. ಹನ್ನೊಂದರಲ್ಲಿ ನಾಲ್ಕು!"