ಹುಲಿವೇಷ ಆಟಿಕೆಯೋ, ಬಟ್ಟೆಯೋ?

"ಅಕ್ಕಾರ, ಮುಂಬೈ ಕಸ್ಟಮ್ಸ್‌ನಿಂದ ಮಾತಾಡ್ಲಿಕತ್ತೀನ್ರಿ. ನಿಮ್ಮ ಹುಲಿ ಆಡ್ಲಿಕ್ಕೋ, ಹಾಕ್ಕೊಳ್ಳಿಕ್ಕೋ?"

ರೊಟ್ಟಿ ಬಡಿಯುತ್ತಿದ್ದ ಹಿಟ್ಟಿನ ಕೈಯಲ್ಲೇ ಫೋನ್ ಹಿಡಿದಿದ್ದೆ. ದುಬೈಯಲ್ಲಿರುವ ತಮ್ಮ ನನ್ನ ಮಗನಿಗೆ ಕಳಿಸಿದ ಹುಲಿವೇಷವನ್ನು ಅಲ್ಲಿ ತಡೆದಿಟ್ಟಿದ್ದರು. ಆಟಿಕೆ ಎಂದಾದರೆ ಬೇರೆ ಸರ್ಟಿಫಿಕೇಟ್ ಬೇಕು, ಇಲ್ಲದಿದ್ದರೆ ಪಾರ್ಸೆಲ್ ವಾಪಸ್ಸು ಎಂದರು ಆ ಅಧಿಕಾರಿ. ಮೊಹರಂ ಹತ್ತಿರ ಬಂದಿತ್ತು.

"ಹರಕಿಗ್ರಿ, ಅಣ್ಣಾರ. ನ್ಯುಮೋನಿಯಾದಾಗ ಕೂಸು ಉಳದ್ರ ಪೀರ್ ದೇವರ ಮುಂದ ಹುಲಿ ಮಾಡಿ ಕುಣಸ್ತೀನಿ ಅಂದಿದ್ದೆ. ಬಣ್ಣ ಬಳದ್ರ ಅವನ ಮೈಗಿ ಗುಳ್ಳಿ ಏಳ್ತಾವ. ಸುಳ್ಳ ಯಾಕ ಹೇಳ್ಲಿ, ಕುಣದ ಮ್ಯಾಲ ಅದ್ರಾಗ ಆಡೇ ಆಡ್ತಾನ."

ಅವರು ನಕ್ಕುಬಿಟ್ಟರು. ಜಿಪ್ಪು ಎಳೆದ ಸದ್ದು ಕೇಳಿಸಿತು.

"ಹೊಲಿಗಿ ಗಟ್ಟಿ ಅದ, ಅಂಚು ಮಡಚಿ ಹೊಲದಾರ. ಒಗದು ಮತ್ತ ಹಾಕಬಹುದು. ಕಾಯ್ದಾ ಪ್ರಕಾರ ಇದು ಬಟ್ಟಿನೇ ರಿ, ಕಳಸ್ತೀನಿ." ಮತ್ತೆ ಜಿಪ್ಪು ಎಳೆದು, "ನಾನೂ ಸಣ್ಣಂವ ಇದ್ದಾಗ ಭಾಲ್ಕ್ಯಾಗ ಹುಲಿ ಆಗಿದ್ದೆ. ಬಣ್ಣಕ್ಕ ಮೈಯೆಲ್ಲಾ ಉರೀತಿತ್ತು" ಎಂದು ಫೋನ್ ಇಟ್ಟರು.

ಹಬ್ಬದ ದಿನ ಮಗ ದಣಿಯುವವರೆಗೂ ಕುಣಿದ, ಕೆಮ್ಮಲಿಲ್ಲ. ಅವನ ಹೆಸರಿನಲ್ಲಿ ಸಕ್ಕರೆಯ ಮೇಲೆ ಫಾತಿಹಾ ಓದಿಸಿದ ಮೇಲೆ, ಪೀರ್ ದೇವರ ಸೇವೆ ಮಾಡುವ ಮುಜಾವರ ಚಾಚಾನ ಮುಂದೆ ಇನ್ನೊಂದು ಹಿಡಿ ಸಕ್ಕರೆ ಇಟ್ಟೆ. "ಇದು ಯಾರ ಹೆಸರಿಲೇ, ಬೇಟಾ?" ಎಂದರು. "ಹುಲಿ ಕಳಿಸಿಕೊಟ್ಟ ಸಾಹೇಬ್ರದು. ಫೋನಿನ್ಯಾಗ ಹೆಸರು ಕೇಳೋದೇ ಮರ್ತೆ ಚಾಚಾ, ಹಂಗೇ ಓದ್ರಿ" ಎಂದೆ. ಅವರು ಕಣ್ಣು ಮುಚ್ಚಿ ಓದಿದರು.