ಕಣ್ಣಿನ ಶಿಬಿರದಲ್ಲಿ ಕಳೆದುಹೋದ ಪಾಳಿ

ಎರಡು ವರ್ಷದ ಹಿಂದಿನ ಮಾತು. ಆಗ ನಾನು ದಾವಣಗೆರೆಯ ವಿದ್ಯಾನಗರದ ಹಾಸ್ಟೆಲ್‌ನಲ್ಲಿದ್ದು ಬಿಸಿಎ ಓದುತ್ತಿದ್ದೆ. ಹರಿಹರದಲ್ಲಿ ಒಂದು ಉಚಿತ ಕಣ್ಣಿನ ತಪಾಸಣಾ ಶಿಬಿರ ನಡೆಯಿತು. ಸ್ವಯಂಸೇವಕಿಯಾಗಿ ಹೋಗಿದ್ದ ನನ್ನ ಪಾಲಿಗೆ ಹೆಸರು ಬರೆದುಕೊಳ್ಳುವ ಕೆಲಸ ಬಂತು. ಆಗಷ್ಟೇ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅರೇ, ಸಾರ್ಟಿಂಗ್ (ಕ್ರಮವಾಗಿ ಜೋಡಿಸುವುದು) ಕಲಿತಿದ್ದೆ. ಅದನ್ನು ನಾಲ್ಕು ಜನರಿಗೆ ತೋರಿಸುವ ಚಪಲ ಬೇರೆ. "ಪುಸ್ತಕ ಬೇಡ ಸರ್, ಪ್ರೋಗ್ರಾಂ ಬರೆದಿದ್ದೀನಿ" ಎಂದು ಶಿಬಿರ ನಡೆಸುವವರಿಗೆ ಹೇಳಿ ಲ್ಯಾಪ್‌ಟಾಪ್ ತೆರೆದು ಕೂತೆ.

ಬಂದವರು ಬಂದಂತೆ ಹೆಸರನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದೆ. ಅರೇ ಎಂದರೆ ಸಾಲು ಖಾನೆಗಳ ಪಟ್ಟಿ. ಮೊದಲು ಬಂದವರಿಗೆ ಮೊದಲ ಖಾನೆ, ಅದೇ ಅವರ ಪಾಳಿ. ಚೀಟಿ ಕೊಡಲಿಲ್ಲ, ನಂಬರ್ ಹಾಕಲಿಲ್ಲ, ಬೇರೆಲ್ಲೂ ಉಳಿಸಲೂ ಇಲ್ಲ. ಐವತ್ತೆರಡು ಜನರಾದರು. "ಇವತ್ತು ನಲವತ್ತೇ ಜನರನ್ನು ನೋಡೋಕಾಗೋದು, ಉಳಿದವರು ಮುಂದಿನ ತಿಂಗಳು ಬರಲಿ" ಎಂದರು ಡಾಕ್ಟರ್.

ಹುಡುಕಲು ಸುಲಭವಾಗಲಿ ಎಂದು ಹೆಸರುಗಳನ್ನು ಅಕ್ಷರದ ಪ್ರಕಾರ ಸಾರ್ಟ್ ಮಾಡಿದೆ. ಜೋಡಿಸಿದ ಪಟ್ಟಿ ಬೇರೆಯಾಗಿ ಬರುತ್ತದೆ, ಹಳೆಯದು ಹಾಗೇ ಇರುತ್ತದೆ ಅಂದುಕೊಂಡಿದ್ದೆ. ಜಾವಾ ನನ್ನ ಅರೇಯನ್ನೇ ಹಿಂದುಮುಂದು ಮಾಡಿತ್ತು. ಅದು ತಿಳಿಯದೆ ಮೊದಲ ಹೆಸರು ಕೂಗಿದೆ, "ಅನಸೂಯಮ್ಮ!" ದಪ್ಪ ಕನ್ನಡಕದ ಅಜ್ಜಿಯೊಬ್ಬರು ಗೋಡೆ ಹಿಡಿದುಕೊಂಡು ಬಂದು ಡಾಕ್ಟರ್ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು.

ಆಗ ಕಡರನಾಯಕನಹಳ್ಳಿಯ ಯಲ್ಲವ್ವ ಎದ್ದು ಬಂದರು. "ಮೊದ್ಲನೇ ಬಸ್ಸಿಗೆ ಬಂದೋಳು ನಾನು. ನನ್ ಹೆಸ್ರು ಎಲ್ಲೈತೆ ನೋಡವ್ವ?" ನೋಡಿದರೆ, ಇಂಗ್ಲಿಷಿನ 'ವೈ' ಅಕ್ಷರದ ಹೆಸರಾದ್ದರಿಂದ ಕಟ್ಟಕಡೆಗಿದೆ! ಪಾಳಿ ಅಳಿಸಿಹೋಯಿತೆಂದು ಒಪ್ಪಿಕೊಂಡೆ. ಜನ ರೇಗಿದರು. "ಪುಸ್ತಕದಾಗ ಬರ್ಕಂಡಿದ್ರೆ ನಿಂಗೇನಾಗ್ತಿತ್ತು?" ಎಂದು ಒಬ್ಬರು ಕೂಗಿದರು. ಅಳು ಬರುವುದೊಂದು ಬಾಕಿ.

ಯಲ್ಲವ್ವನೇ ನಡುವೆ ಬಂದರು. "ಬೈದ್ರೆ ಪಾಳಿ ಸಿಗುತ್ತೇನ್ರಿ? ಒಬ್ಬೊಬ್ರೇ ಬರ್ರಿ. ನೀವು ಬಂದಾಗ ಯಾರು ಆಗ್ಲೇ ಕುಂತಿದ್ರು, ಅಷ್ಟು ಹೇಳ್ರಿ ಸಾಕು."

ಇಬ್ಬಿಬ್ಬರೇ ಮಾತಾಡಿಕೊಂಡರು. "ನಿಮ್ ದನಿ ನಾನು ಬಂದಾಗ್ಲೇ ಕೇಳ್ತಿತ್ತು, ನೀವೇ ಮುಂದೆ" ಎಂದರು ಪೊರೆ ಬಂದ ಕಣ್ಣಿನವರೊಬ್ಬರು. "ಒಂದೇ ಆಟೋಕ್ಕೆ ಬಂದೀವಿ, ಯಾರು ಮುಂದಿದ್ರೇನು, ನಿಂತ್ಕಳ್ರಿ" ಎಂದರು ಇನ್ನೊಬ್ಬರು. ನಾನು ಬೆರಗಾಗಿ ನೋಡುತ್ತಿದ್ದೆ. ಪೂರ್ತಿ ಸಾಲು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಆದರೂ ಸಾಲು ತಾನಾಗಿ ಕೂಡಿಬರುತ್ತಿತ್ತು. ಇಬ್ಬರಲ್ಲಿ ಯಾರು ಮೊದಲು, ಅಥವಾ ಇಬ್ಬರೂ ಸಮವೇ? ಸಾರ್ಟ್ ಕೂಡ ಕೇಳುವುದು ಇಷ್ಟನ್ನೇ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಅವತ್ತು ತಲೆಗೆ ಹತ್ತಿತು.

ಆದರೆ ಬಾಗಿಲ ಪಕ್ಕ ಕೂತ ಅನಸೂಯಮ್ಮನ ಬಗ್ಗೆ ಯಾರಿಗೂ ಏನೂ ನೆನಪಿರಲಿಲ್ಲ. ಸುಮ್ಮನಿದ್ದಿದ್ದರೆ ಅವರೇ ಮೊದಲು ಒಳಗೆ ಹೋಗುತ್ತಿದ್ದರು. ಅವರು ತಾವಾಗೇ ಎದ್ದರು.

"ನಾನು ಬಂದಾಗ ಎಲ್ರೂ ಕುಂತಿದ್ರು ಮಗಾ. ನಂದು ಕಡೇದು" ಎಂದು ಸಾಲಿನ ಕೊನೆಗೆ ನಡೆದರು. ನಲವತ್ತರ ಆಚೆಗೆ.

ತಡೆಯಲಾಗದೆ ಹತ್ತಿರ ಹೋಗಿ, "ಅಜ್ಜಿ, ನೀವು ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ವಲ್ಲ" ಎಂದೆ.

"ನಂಗ್ ಗೊತ್ತಿತ್ತಲ್ಲ" ಎಂದರು.

ಇವತ್ತಿಗೂ ಯಾವ ಪಟ್ಟಿ ಸಾರ್ಟ್ ಮಾಡುವ ಮೊದಲೂ ಒಂದು ನಕಲು ತೆಗೆದಿಡುತ್ತೇನೆ. ಅದನ್ನು ಯಾವ ಮೇಷ್ಟ್ರಾದರೂ ಕಲಿಸುತ್ತಾರೆ. ಆದರೆ ನನ್ನ ತಪ್ಪಿನಿಂದ ಸಿಕ್ಕ ಕುರ್ಚಿಯನ್ನು ಬಿಟ್ಟು ಎದ್ದುಹೋದ ಆ ಅಜ್ಜಿ ನೆನಪಾದಾಗಲೆಲ್ಲ, ಅವರ ಜಾಗದಲ್ಲಿ ನಾನಿದ್ದಿದ್ದರೆ ಏಳುತ್ತಿದ್ದೆನೇ ಎಂದು ಕೇಳಿಕೊಳ್ಳುತ್ತೇನೆ. ಹೌದು ಅನ್ನಲು ಇನ್ನೂ ಧೈರ್ಯವಾಗಿಲ್ಲ.