ಒಂದನೇ ನಂಬರಿನ ಉಂಗುರ

ಬೆಟಗೇರಿಯ ನಮ್ಮ ವರ್ಕ್‌ಶಾಪಿನಲ್ಲಿ ರಾಕೆಟ್ ತಯಾರಾಗುತ್ತದೆ ಎಂಬ ಸುದ್ದಿ ಹಬ್ಬಿದಾಗ ಮೊದಲು ನೋಡಲು ಬಂದವರು ಪಕ್ಕದ ಮನೆಯ ಅಜ್ಜಿ. ಲೇತುಗಳ ಸಂದಿಯಲ್ಲಿ ಇಣುಕಿ, ಮೇಲಿನ ತಗಡಿನ ಚಾವಣಿ ನೋಡಿ, "ಇದರಾಗಿಂದ ಹೆಂಗ ಹಾರಸ್ತೀರಿ ಯವ್ವಾ?" ಎಂದು ಕೇಳಿದರು. ನಾನು ಮೇಜಿನ ಮೇಲೆ ನಮೂನೆಗೆಂದು ತಂದಿಟ್ಟಿದ್ದ ಅಲ್ಯೂಮಿನಿಯಂ ಉಂಗುರ ತೋರಿಸಿದೆ. ಕಾಲುಂಗುರಕ್ಕಿಂತ ತುಸು ದೊಡ್ಡದು. ಅಜ್ಜಿ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇಷ್ಟಕ್ಕ ಇಷ್ಟ ಗದ್ದಲ ಮಾಡೀರೇನು?" ಎಂದು ಹೊರಟೇಹೋದರು.

ಗದ್ದಲ ಮಾಡಿದ್ದು ನಮ್ಮ ಮನೆಯವರು. ಊರೆಲ್ಲ ಹೇಳಿಕೊಂಡು ತಿರುಗಿದ್ದು ಅವರೇ. ಆದರೆ ಕೆಲಸ ತಂದದ್ದು ನಾನು. ಖಾಸಗಿಯವರಿಗೂ ಈಗ ಆಕಾಶದ ಬಾಗಿಲು ತೆರೆದಿದೆ. ವಿಮಾನ, ಉಪಗ್ರಹ, ಕ್ಷಿಪಣಿ ಎಂದು ಬಿಡಿಭಾಗದ ಕೆಲಸ ದೊಡ್ಡ ಕಂಪನಿಗಳ ಕೈಮೀರಿ ಸಣ್ಣವರ ಕಡೆಗೂ ಹರಿದು ಬರುತ್ತಿದೆ. ಬೆಳಗಾವಿಯ ಅಂಥದೊಂದು ಕಂಪನಿಗೆ ಫೋನಿನ ಮೇಲೆ ಫೋನು ಮಾಡಿ, ಅವರ ಬಾಗಿಲಿಗೆ ಎಡತಾಕಿ, ಅಂತೂ ರಾಕೆಟ್ಟಿನ ಬಿಡಿಭಾಗವೊಂದರ ಮಾದರಿ ಕೆಲಸ ಹಿಡಿದೆ. ಡಿಪ್ಲೊಮಾ ಓದಿ ಈ ಮನೆಗೆ ಸೊಸೆಯಾಗಿ ಬಂದವಳು ನಾನು. ಬಂದಾಗಿನಿಂದ ಪಂಪಿನ ಬುಷ್ಷು, ಟ್ರ್ಯಾಕ್ಟರ್ ಕೂರಿಗೆಯ ಬಿಡಿಭಾಗ ಇವನ್ನೇ ಅಳೆದು ಅಳೆದು ಬೇಸತ್ತಿದ್ದೆ. ಹತ್ತು ಉಂಗುರ ಮಾಡಿ ತೋರಿಸಬೇಕು. ಒಪ್ಪಿಗೆಯಾದರೆ ದೊಡ್ಡ ಆರ್ಡರ್, ಇಲ್ಲವಾದರೆ ಮತ್ತೆ ಅದೇ ಬುಷ್ಷು, ಮೇಲೆ "ಬ್ಯಾಡ ಅಂದ್ರ ಕೇಳಿದೇನು?" ಎಂಬ ಮಾತು ಜೀವನಪೂರ್ತಿ.

ಕಂಪನಿಯ ಕಟ್ಟಳೆಗಳು ನಮ್ಮ ಅತ್ತೆಯ ಮಡಿಯನ್ನೂ ಮೀರಿಸುವಂಥವು. ಲೋಹದ ಸರಳು ಅವರದೇ. ಪ್ರತಿ ಉಂಗುರಕ್ಕೂ ನಂಬರು. ಒಂದು ಕೆಟ್ಟುಹೋದರೆ ಕೆಟ್ಟದ್ದನ್ನೂ ವಾಪಸು ಕೊಡಬೇಕು. ಕಳೆಯಿತು ಅನ್ನುವ ಹಾಗಿಲ್ಲ. ಒಂದನೇ ನಂಬರಿನದನ್ನಂತೂ ಅವರ ಇನ್‌ಸ್ಪೆಕ್ಟರ್ ತಾವೇ ಬಂದು, ಒಳಗೂ ಹೊರಗೂ ಸುತ್ತ ಅಳೆದು, ಆಮೇಲೆ ಉಳಿದವುಗಳ ಕಡೆ ನೋಡುತ್ತಾರೆ. ಇದನ್ನೆಲ್ಲ ನಮ್ಮ ಮನೆಯವರಿಗೆ ಒದರಿ ಒದರಿ ಹೇಳಿದ್ದೆ. ಮಾವನವರಿಗೆ ಹೇಳುವುದು ಬೇಕಾಗಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಮಾವನವರದೂ ಒಂದು ಕಟ್ಟಳೆ ಇದೆ. ರೈತ ರಾಶಿಯ ಮೊದಲ ಬೊಗಸೆ ದೇವರಿಗೆ ತೆಗೆದಿಡುವಂತೆ, ಹೊಸ ನಮೂನೆಯ ಯಾವ ಮಾಲು ಮಾಡಿದರೂ ಮೊದಲನೇ ತುಂಡು ಮನೆಯೊಳಗೆ ದೇವರನ್ನಿಡುವ ಜಗಲಿಗೆ. ವರ್ಕ್‌ಶಾಪ್ ಹಾಕಿದಾಗಿನಿಂದಲೂ ತಪ್ಪಿಲ್ಲ. ಜಗಲಿಯ ಒಂದು ಮಗ್ಗುಲಿಗೆ ಹಿತ್ತಾಳೆಯ ಪರಾತ, ಅಂಚಿರುವ ಅಗಲ ತಟ್ಟೆ. ಅದರ ತುಂಬ ಬುಷ್ಷು, ಹಲ್ಲಿನ ಗಾಲಿ, ನಟ್ಟು, ಬೋಲ್ಟು. ಮದುವೆಯಾಗಿ ಬಂದ ಹೊಸತರಲ್ಲಿ ಅವನ್ನು ನೋಡಿ ಯಾರೋ ಗುಜರಿ ಸಾಮಾನು ಮರೆತಿಟ್ಟಿದ್ದಾರೆ ಎಂದುಕೊಂಡು ಹೊರಗೆ ಹಾಕಲು ಹೋಗಿ ಬೈಸಿಕೊಂಡಿದ್ದೆ.

ಉಂಗುರ ಕಡೆಯುವ ದಿನ ನಮ್ಮ ಮನೆಯವರು ಯಂತ್ರದ ಮುಂದೆ, ನಾನು ಮೈಕ್ರೋಮೀಟರ್ ಹಿಡಿದು ಪಕ್ಕದಲ್ಲಿ. ಮೊದಲನೆಯದು ಹೊರಬಂತು. ಅಳತೆಯ ಹಾಳೆ ಬರೆದುಕೊಳ್ಳಲು ಪೆನ್ನು ಹುಡುಕಿ ತಿರುಗುವಷ್ಟರಲ್ಲಿ ಮಾವನವರು ಅದನ್ನು ಹೆಗಲ ಮೇಲಿನ ಟವೆಲಿನಲ್ಲಿ ಹಿಡಿದು ನಡೆದಿದ್ದರು. ಬಿಸಿಲಿಗೆ ಹಿಡಿದು ನೋಡುತ್ತಾರೇನೋ ಎಂದು ಸುಮ್ಮನಾದೆ. ಎರಡನೆಯದನ್ನು ಅಳೆದರೆ ಕಂಪನಿ ಕೊಟ್ಟ ಮಿತಿಯ ಅಂಚಿನಲ್ಲಿತ್ತು; ಯಂತ್ರ ತಿದ್ದಿಕೊಂಡೆವು. ಉಳಿದವು ಬಂಗಾರದಂತೆ ಬಂದವು. ಒಂಬತ್ತನ್ನೂ ಸಾಲಾಗಿ ಜೋಡಿಸಿ, ಕುಣಿಯುವುದೊಂದು ಬಾಕಿ ಎನ್ನುವಂತೆ ಮನೆಯೊಳಗೆ ಹೋದರೆ, ಒಂದನೇ ನಂಬರು ಜಗಲಿಯ ಮೇಲೆ ಮೂರೆಳೆ ವಿಭೂತಿ ಧರಿಸಿ ಕುಳಿತಿದೆ.

"ಮಾವಾರ, ಅದು ಕಂಪನಿದ್ದು. ಕೊಡಬೇಕ್ರಿ."

"ಒಂಬತ್ತು ಅದಾವಲ್ಲವಾ, ಕೊಡು."

"ಅವರಿಗೂ ಮೊದಲನೇದ ಬೇಕಂತ್ರಿ."

"ಎಲ್ಲಾರಿಗೂ ಮೊದಲನೇದ ಬೇಕು. ದೇವರು ಮೊದಲ ಬಂದಾನ, ಕಂಪನಿ ಆಮ್ಯಾಲೆ ಬಂತು."

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ನಾನು ದನಿ ಏರಿಸಿದೆ. ಇನ್‌ಸ್ಪೆಕ್ಟರ್ ಮರುದಿನವೇ ಬರುತ್ತಾರೆ, ಒಂದು ಕಡಿಮೆಯಾದರೆ ಹತ್ತೂ ಹೋದಂತೆ ಎಂದೆ. ಮಾವನವರು ಸಿಟ್ಟು ಮಾಡಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

"ನೋಡವಾ," ಎಂದರು, "ಕೂರಗಿ ಮಾಡಿಕೊಟ್ರ ಅದು ಕಳಸಾಪುರದವರ ಹೊಲದಾಗ ಐತಿ, ಬೆಳ್ಳಟ್ಟಿಯವರ ಹೊಲದಾಗ ಐತಿ ಅಂತ ನನಗ ಗೊತ್ತಿರತೈತಿ. ಕೆಟ್ರ ಬಂದು ಬೈತಾರ, ರಿಪೇರಿ ಮಾಡಿಕೊಡ್ತೀನಿ. ಇದು ಎಲ್ಲಿ ಹೋಗತೈತಿ? ಯಾರು ಕುಂಡ್ರತಾರ ಅದರಾಗ? ಮ್ಯಾಲೆ ಕೆಟ್ರ ಯಾರು ರಿಪೇರಿ ಮಾಡಾಕ ಹೋಗತಾರ? ಅದಕ್ಕ ದೇವರ ಕೈಯಾಗ ಒಂದು ಕೊಟ್ಟೇನಿ."

ರಾತ್ರಿ ಊಟ ಬಿಟ್ಟು ಮಲಗಿದೆ. ಯಾರೂ ಒತ್ತಾಯ ಮಾಡಲಿಲ್ಲವೆಂದು ಅದಕ್ಕೂ ಸಿಟ್ಟು ಬಂತು.

ಮರುದಿನ ಬಂದ ಇನ್‌ಸ್ಪೆಕ್ಟರ್ ನನ್ನ ತಮ್ಮನ ವಯಸ್ಸಿನವರು. ಒಂಬತ್ತು ಉಂಗುರ ಎಣಿಸಿ, "ಒಂದನೇ ನಂಬರ್ ಎಲ್ಲೈತ್ರಿ?" ಎಂದರು. ನಮ್ಮ ಮನೆಯವರು ನನ್ನ ಮುಖ ನೋಡಿದರು, ನಾನು ಮಾವನವರ ಮುಖ ನೋಡಿದೆ. ಮಾವನವರು ಮೊದಲೇ ಎಲ್ಲ ಯೋಚಿಸಿಟ್ಟಿದ್ದರು.

"ಒಳಗ ಐತ್ರಿ. ಅಳತಿ ಮಾಡೂದಾದ್ರ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಕೈಕಾಲು ತೊಳಕೊಂಡು ಬರ್ರಿ."

ನನ್ನ ಆರ್ಡರ್ ಅಲ್ಲೇ ಸತ್ತಿತು ಎಂದುಕೊಂಡೆ. ಆದರೆ ಇನ್‌ಸ್ಪೆಕ್ಟರ್ ಬೂಟು ಬಿಚ್ಚಿ, ಬಚ್ಚಲಿಗೆ ಹೋಗಿ ಕೈಕಾಲು ತೊಳೆದು, ಜಗಲಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತೇಬಿಟ್ಟರು. ಒಮ್ಮೆ ಕೈಮುಗಿದು, ಉಂಗುರದ ವಿಭೂತಿ ಒರೆಸಿ, ಅಳೆದರು. ಇನ್ನೊಮ್ಮೆ ಅಳೆದರು. ನನ್ನ ಕೈಗೂ ಕೊಟ್ಟರು. ಕೂದಲೆಳೆಯ ಒಂದು ಪಾಲಿನಷ್ಟು ಹೆಚ್ಚು ದಪ್ಪವಾಗಿ ಮಿತಿ ಮೀರಿತ್ತು.

"ಇದು ರಿಜೆಕ್ಟ್ ಐತ್ರಿ," ಎಂದರು ಅವರು, ಹವಾ ಚೆನ್ನಾಗಿದೆ ಎನ್ನುವ ಹಾಗೆ. "ಚಿಂತಿ ಮಾಡಬ್ಯಾಡ್ರಿ. ಮಷೀನ್ ತಣ್ಣಗಿರತೈತಿ, ಮೊದಲನೇದು ಯಾವಾಗ್ಲೂ ಹಂಗ. ಉಳದವು ಸರಿ ಬಂದ್ರ ಸಾಕು. ಆದ್ರ ಇದನ್ನ ನಾನು ಒಯ್ಯಬೇಕ್ರಿ."

ನನಗೆ ಕುಣಿಯಬೇಕೆನಿಸಿತು. ಮಾವನವರನ್ನು ನೋಡಿದೆ, ಕುಣಿತ ಅಲ್ಲೇ ನಿಂತಿತು. ಅವರ ಮುಖ ಸಣ್ಣದಾಗಿತ್ತು. ಉಂಗುರವನ್ನು ತಾವೇ ಟವೆಲಿನಿಂದ ಒರೆಸಿ ಇನ್‌ಸ್ಪೆಕ್ಟರ ಕೈಗೆ ಕೊಟ್ಟರು. ಅತ್ತೆ ಬಡಿಸಿದ ರೊಟ್ಟಿ, ಎಣ್ಣೆಗಾಯಿ ಉಂಡು, ಉಳಿದ ಒಂಬತ್ತನ್ನೂ ಅಳೆದು ಒಪ್ಪಿಗೆ ಕೊಟ್ಟು, ಇನ್‌ಸ್ಪೆಕ್ಟರ್ ಹೋದರು.

ಅವರ ಗಾಡಿ ಓಣಿ ತಿರುಗುವುದೇ ತಡ, ಮಾವನವರು ಪರಾತ ತಂದು ನನ್ನ ಮುಂದಿಟ್ಟರು.

"ಇವನ್ನೂ ಅಳತಿ ಮಾಡು."

ಬುಷ್ಷು ಎತ್ತಿಕೊಂಡೆ. ಅದರ ಅಳತೆ ನನಗೆ ಬಾಯಿಪಾಠ. ತಪ್ಪಿತ್ತು. ಇನ್ನೊಂದು ಬುಷ್ಷು, ಅದೂ ತಪ್ಪು. ಸುಳ್ಳು ಹೇಳಿಬಿಡಲೇ ಎನಿಸಿತು. ಆದರೆ ಅವರು ಕನ್ನಡಕ ಹಾಕಿಕೊಂಡು ಮೈಕ್ರೋಮೀಟರಿನ ಗೆರೆಯನ್ನೇ ನೋಡುತ್ತಿದ್ದರು. ಇಡೀ ಪರಾತದಲ್ಲಿ ಅಪ್ಪಿತಪ್ಪಿ ಸರಿ ಬಂದದ್ದು ಒಂದು ನಟ್ಟು. ಅದು ಪೇಟೆಯಿಂದ ತಂದದ್ದಂತೆ.

"ಅಂದ್ರ ಇಷ್ಟು ವರ್ಷ," ಎಂದರು ಮಾವನವರು, "ಗಿರಾಕಿಗೆ ಚೊಲೋದು ಕೊಟ್ಟು ದೇವರಿಗೆ ಕೆಟ್ಟದ್ದು ಕೊಟ್ಟೇನಿ."

ನಾನು ಗೆದ್ದಿದ್ದೆ. ಗೆಲುವು ಇಷ್ಟು ಸಪ್ಪೆಯಾಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಬುಷ್ಷುಗಳನ್ನು ಒಂದೊಂದಾಗಿ ಪರಾತಕ್ಕೆ ತಿರುಗಿ ಹಾಕುತ್ತಿದ್ದಾಗ ಅಡುಗೆಮನೆಯಿಂದ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು.

"ಮೊದಲನೇದು ಹಂಗ ಇರತೈತಿ ಅಂತ ಆ ಹುಡುಗ ಹೇಳಿಲ್ಲೇನ್ರಿ? ನಮ್ಮ ಹಿರೇ ಮಗನ್ನ ನೋಡ್ರಲಾ," ಎಂದು ನಮ್ಮ ಮನೆಯವರ ಕಡೆ ಕೈ ತೋರಿಸಿದರು. "ಆ ಕಂಪನಿಯಾಂವ ಒಂದ ದಿನಕ್ಕ ವಾಪಸ ಒಯ್ದ. ಜಗಲಿ ಮ್ಯಾಲಿನ ದೇವರು ಇಷ್ಟು ವರ್ಷದಾಗ ಒಂದಾದ್ರೂ ವಾಪಸ ಕಳಿಸ್ಯಾನೇನು?"

ನಮ್ಮ ಮನೆಯವರ ಮುಖ ನೋಡುವಂತಿತ್ತು. ನಾನು ನಕ್ಕೆ. ಮಾವನವರು ತಡೆದರು, ತಡೆದರು, ಆಮೇಲೆ ಅವರೂ ನಕ್ಕರು. ಕಣ್ಣು ಮಾತ್ರ ಒದ್ದೆಯಾಗಿತ್ತು.

ದೊಡ್ಡ ಆರ್ಡರ್ ಬಂತು. ಈಗ ಒಂದನೇ ನಂಬರು ಯಾವಾಗಲೂ ಕಂಪನಿಯ ಡಬ್ಬಿಗೇ. ಮಾವನವರು ನಮ್ಮದೇ ಸರಳಿನ ತುಂಡಿನಿಂದ, ತಮ್ಮ ಹಳೇ ಲೇತಿನ ಮೇಲೆ, ದೇವರಿಗಾಗಿ ಬೇರೆ ಉಂಗುರ ಕಡೆಯತೊಡಗಿದರು. ಕಡೆದು ತಂದು ನನ್ನ ಮುಂದಿಡುವರು. ನಾನು ಅಳೆದು ತಲೆ ಅಲ್ಲಾಡಿಸಿದರೆ ತಿರುಗಿ ಲೇತಿನ ಮುಂದೆ ಹೋಗುವರು. ವಯಸ್ಸಾದ ಲೇತು, ವಯಸ್ಸಾದ ಕೈ. ಸುಲಭಕ್ಕೆ ಮಿತಿಯೊಳಗೆ ಬರುವಂಥದಲ್ಲ. "ಆತು ಬಿಡ್ರಿ ಮಾವಾರ, ಸಾಕು" ಎಂದು ಒಮ್ಮೆ ಅಂದದ್ದಕ್ಕೆ, "ಕಂಪನಿಗೂ ಹಂಗ ಅಂತೀಯೇನು?" ಎಂದು ಗದರಿದರು.

ಕೊನೆಗೊಂದು ದಿನ ಅಳತೆ ಸರಿ ಬಂತು. ಇನ್ನೊಮ್ಮೆ ನೋಡು ಎಂದರು, ನೋಡಿದೆ. ವಿಭೂತಿ ಹಚ್ಚಿ ಉಂಗುರವನ್ನು ನನ್ನ ಅಂಗೈ ಮೇಲಿಟ್ಟು, "ನೀನ ಇಡವಾ, ಪಾಸ್ ಮಾಡಿದಾಕಿ ನೀನು," ಎಂದರು. ಪರಾತದಲ್ಲಿ ಜಾಗ ಇರಲಿಲ್ಲ. ಅಳತೆ ತಪ್ಪಿದ ಹಳೇ ಬುಷ್ಷುಗಳನ್ನು ತೆಗೆದುಬಿಡಲೇ ಎಂದು ಕೇಳಿದೆ.

"ಬ್ಯಾಡ," ಎಂದರು ಮಾವನವರು. "ಅವನ್ನ ದೇವರು ಒಪ್ಪಿಕೊಂಡಾನ. ಸ್ವಲ್ಪ ಸರಿಸಿ ಇಡು."